ಹಳೆ ಕ್ಯಾಸಿಯೋ ಇನ್ನೂ ಯಾರ ಮನೆಯಲ್ಲಿದೆ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಹೇಳಿ

ಕಪ್ಪುನಾಲ್ಕು, ಕಲಬುರಗಿ

ಎಲ್ಲರಿಗೂ ನಮಸ್ಕಾರ. 80-90ರ ದಶಕದ ಸಣ್ಣ ಕೀಬೋರ್ಡ್‌ಗಳು ನಮ್ಮ ಮೂರು ಜಿಲ್ಲೆಯಲ್ಲಿ ಎಷ್ಟು ಉಳಿದಿರಬಹುದು? ನಾನು ಕೇಳುತ್ತಿರುವುದು ದೊಡ್ಡ ಸ್ಟ್ಯಾಂಡಿನ ಮೇಲೆ ಇಡುವಂಥವಲ್ಲ. ಸಣ್ಣ ಕೀ, ಒಳಗೇ ಸ್ಪೀಕರ್, ಸೆಲ್ ಹಾಕಿದರೆ ಸಾಕು, ಬಗಲಲ್ಲಿ ಹಿಡಿದು ಸೈಕಲ್ ಮೇಲೆ ಹೋಗಬಹುದು, ಅಂಥವು.

ಸುಮ್ನೆ ನೆನಪು ಹಂಚಿಕೊಳ್ಳಲು ಕೇಳುತ್ತಿಲ್ಲ. ನನ್ನದೊಂದು ವಾದವೂ ಇದೆ. ಅವುಗಳ ಸದ್ದು ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ವಯಲಿನ್ ಅಂತ ಬರೆದ ಬಟನ್ ಒತ್ತಿದರೆ ವಯಲಿನ್ ಬರುತ್ತಿರಲಿಲ್ಲ. ಕೊಳಲೂ ಅಷ್ಟೇ. ಆದರೆ ಗಣಪತಿ ಪೆಂಡಾಲು, ಭಜನೆ, ಶಾಲೆಯ ಗ್ಯಾದರಿಂಗ್, ಮದುವೆ ಆರ್ಕೆಸ್ಟ್ರಾ, ಎಲ್ಲ ಕಡೆ ನಾವು ಕೇಳಿದ್ದು ಅದನ್ನೇ. ನಿಜವಾದ ವಯಲಿನ್ ಕಣ್ಣೆದುರು ಕೇಳುವ ಮೊದಲೇ ಕ್ಯಾಸಿಯೋದ ವಯಲಿನ್ ಕೇಳಿ ಬೆಳೆದವರು ನಾವು. ಹಾಗಾಗಿ ಅದನ್ನು ನಕಲಿ ಅನ್ನಲು ನನಗೆ ಮನಸ್ಸಿಲ್ಲ. ಅದು ಬೇರೆಯದೇ ಒಂದು ವಾದ್ಯ. ಈಗಿನ ಕೀಬೋರ್ಡಿನಲ್ಲಿ ತಬಲಾ ತಬಲಾದ ಹಾಗೇ ಬರುತ್ತದೆ, ಶಹನಾಯಿ ಶಹನಾಯಿಯ ಹಾಗೇ ಬರುತ್ತದೆ. ನನಗೆ ಮಾತ್ರ ಅದರಲ್ಲಿ ರುಚಿ ಹತ್ತುವುದಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕ್ಯಾಸಿಯೋ ಮೂಲತಃ ಕ್ಯಾಲ್ಕುಲೇಟರ್ ಕಂಪನಿ. ಕಾಶಿಯೊ ಮನೆತನದ ನಾಲ್ವರು ಅಣ್ಣತಮ್ಮಂದಿರು ಕಟ್ಟಿದ್ದು. ಅವರಲ್ಲಿ ತೋಶಿಯೊ ಅವರಿಗೆ ಸಂಗೀತದ ಹುಚ್ಚು. ಕಲಿಯದವರೂ ನುಡಿಸಬಹುದಾದ ವಾದ್ಯ ಬೇಕು ಅನ್ನುವುದು ಅವರ ಆಸೆ. 1980ರ ಜನವರಿಯಲ್ಲಿ ಕ್ಯಾಸಿಯೋಟೋನ್ 201 ಬಂತು. 49 ಕೀ, 29 ಟೋನ್ (ಬೇರೆ ಬೇರೆ ವಾದ್ಯದ ಸದ್ದು). ಒಂದು ಸ್ವರ ಹುಟ್ಟುವಾಗಿನ ತಟ್ಟು ಬೇರೆ, ಆಮೇಲೆ ಉಳಿಯುವ ನಾದ ಬೇರೆ. ಎರಡನ್ನೂ ಬೇರೆ ಬೇರೆ ತಯಾರಿಸಿ ಕೂಡಿಸುವುದು ಅವರ ಉಪಾಯ. ಅದೇ ಕಾಲದ ವಿಎಲ್-1 ಇನ್ನೂ ಮಜಾ. ಒಂದೇ ಡಬ್ಬಿಯಲ್ಲಿ ಕ್ಯಾಲ್ಕುಲೇಟರ್ರೂ ಇದೆ, ವಾದ್ಯವೂ ಇದೆ. ಕಿರಾಣಾ ಬಜಾರದ ಸಾಹುಕಾರರಿಗೆ ಹೇಳಿ ಮಾಡಿಸಿದ್ದು ನೋಡಿ. ಲೆಕ್ಕ ಮುಗಿದ ಮೇಲೆ ಭಜನೆ.

ಯಾರ ಹತ್ತಿರ ಏನಿದೆ ಬರೆಯಿರಿ. ಮಾಡೆಲ್ ನಂಬರ್ ಹೇಳಿದರೆ ಇನ್ನೂ ಒಳ್ಳೆಯದು.

ಭೀಮಾದಂಡೆ, ಯಾದಗಿರಿ

ನಮ್ಮ ಮನೆಯಲ್ಲಿ ಒಂದಿದೆ ಅಣ್ಣ. ಮೇಲೆ ಎಸ್‌ಎ ಅಂತ ಬರೆದಿದೆ, ಮುಂದಿನ ಅಂಕಿ ಅಳಿಸಿದೆ. 32 ಸಣ್ಣ ಕೀ, 100 ಟೋನ್. ಚಿಕ್ಕಪ್ಪನದು. ಗಂಟುಕಟ್ಟಿ ಮೇಲಿನ ಕೋಣೆಯಲ್ಲಿ ಇಟ್ಟಿದ್ದರು. ಸೆಲ್ ಒಳಗೇ ಬಿಟ್ಟಿದ್ದಾರೆ, ಎಲ್ಲ ಬಿಳಿ ಪುಡಿ ಆಗಿದೆ. ಮನೆಯಲ್ಲಿ ಒಂದು ಅಡಾಪ್ಟರ್ ಇದೆ, ಪಿನ್ ಕೂಡುತ್ತದೆ. ಹಾಕಿ ನೋಡಲಾ?

ಸೋಲ್ಡರ್‌ಸಿದ್ದ, ಕಲಬುರಗಿ

ಹಾಕಬೇಡಿ! ಪಿನ್ ಕೂಡಿತು ಅಂತ ಯಾವ ಅಡಾಪ್ಟರನ್ನೂ ಹಾಕಬೇಡಿ. ಸಂಜೆ ಅಂಗಡಿ ಮುಚ್ಚಿದ ಮೇಲೆ ವಿವರವಾಗಿ ಬರೆಯುತ್ತೇನೆ. ಅಲ್ಲಿಯವರೆಗೆ ಕೈ ಹಚ್ಚಬೇಡಿ.

ದಮ್ಮಾಮ್ ಚಾಚಾ, ಕಲಬುರಗಿ

ಈ ಪೆಟ್ಟಿಗೆಗಳು ಇಲ್ಲಿಗೆ ಹೇಗೆ ಬಂದವು ಅನ್ನುವುದನ್ನು ಹುಡುಗರು ತಿಳಿಯಬೇಕು. 80ರ ದಶಕದಲ್ಲಿ ಸ್ಟೇಷನ್ ರೋಡಿನ ಅಂಗಡಿಗೆ ಹೋಗಿ ಕ್ಯಾಸಿಯೋ ಕೊಡಿ ಅಂದರೆ ಕೊಡುತ್ತಿರಲಿಲ್ಲ. 1991ಕ್ಕೆ ಮುಂಚೆ ಹೊರದೇಶದ ಎಲೆಕ್ಟ್ರಾನಿಕ್ಸ್ ತರಿಸುವುದು ಅಂದರೆ ಲೈಸೆನ್ಸು, ಭಾರಿ ಸುಂಕ, ನೂರೆಂಟು ತಾಪತ್ರಯ. ಬಂದದ್ದು ಹೆಚ್ಚಾಗಿ ನಮ್ಮಂಥವರ ಸೂಟ್‌ಕೇಸಿನಲ್ಲಿ. ಸೌದಿ, ಕುವೈತ್, ದುಬೈಯಿಂದ ರಜೆಗೆ ಬರುವವರು ಟೂ-ಇನ್-ಒನ್ ತರುತ್ತಿದ್ದರು, ಕಂಬಳಿ ತರುತ್ತಿದ್ದರು, ಅತ್ತರು ತರುತ್ತಿದ್ದರು. ಮಕ್ಕಳಿದ್ದವರು ಒಂದು ಸಣ್ಣ ಕ್ಯಾಸಿಯೋ ತರುತ್ತಿದ್ದರು. ಬಾಂಬೆಯಲ್ಲಿ ಕಸ್ಟಮ್ಸ್ ದಾಟಬೇಕು. ಆಮೇಲೆ ರೈಲು. ಬೋಗಿಯಲ್ಲಿ ಯಾರಾದರೂ ನೋಡಿದರೆ ಮುಗಿಯಿತು, ಸೋಲಾಪುರದಿಂದ ಗುಲಬರ್ಗಾದವರೆಗೆ ನುಡಿಸುತ್ತಲೇ ಬರಬೇಕು.

ಇನ್ನೊಂದು ದಾರಿ ಹೈದರಾಬಾದು. ಬೀದರ್‌ನವರಿಗೆ ಅದೇ ಹತ್ತಿರ. ಆಬಿಡ್ಸ್, ಕೋಠಿ ತಿರುಗಿದರೆ ಸಿಗುತ್ತಿತ್ತು. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಬಿಡಿಭಾಗ ಈಗಲೂ ಸಿಗುತ್ತವೆ.

ನಮ್ಮ ಕಡೆ ಕವ್ವಾಲಿಯವರು ಇದನ್ನು ಬೇಗ ಹಿಡಿದರು. ಅದಕ್ಕೆ ಕಾರಣ ಇದೆ. ಅವರ ಹತ್ತಿರ ಮೊದಲೇ ಬ್ಯಾಂಜೊ ಇತ್ತು. ತಂತಿ ಮೇಲೆ ಟೈಪ್‌ರೈಟರಿನಂಥ ಗುಂಡಿ ಇರುವುದು, ಬುಲ್‌ಬುಲ್ ತರಂಗ್ ಅಂತಾರಲ್ಲ, ಅದು. ಅದೂ ಜಪಾನಿನದೇ ಕೂಸು ಅಂತ ಎಷ್ಟು ಜನಕ್ಕೆ ಗೊತ್ತು? ನಾಗೋಯಾ ಊರಿನಲ್ಲಿ 1912ರಲ್ಲಿ ಗೊರೊ ಮೊರಿಟಾ ಅನ್ನುವವರು ತೈಶೊಗೊತೊ ಅಂತ ಮಾಡಿದರು. ಅದೇ ಇಲ್ಲಿ ಬಂದು ಬ್ಯಾಂಜೊ ಆಯಿತು. ಜಪಾನಿನ ಗುಂಡಿ ಒತ್ತಿ ಹಾಡು ನುಡಿಸುವುದು ನಮಗೆ ಕ್ಯಾಸಿಯೋದಿಂದ ಶುರುವಾದದ್ದಲ್ಲ. ಬಂದೇನವಾಜರ ದರ್ಗಾದ ಸುತ್ತ ಬೆಳೆದವರಿಗೆ ಆ ತಂತಿಯ ಕಿರುಗುಟ್ಟುವ ಸದ್ದು ಬೇರೆ ಹೇಳಬೇಕಿಲ್ಲ.

ಪೇಟಿಮಾಸ್ತರ, ಜೇವರ್ಗಿ

ಎಲ್ಲರೂ ಹೊಗಳುತ್ತಿದ್ದೀರಿ. ಒಬ್ಬನಾದರೂ ಬೈಯಲಿ ಅಂತ ಬರೆಯುತ್ತಿದ್ದೇನೆ.

ಈ ಡಬ್ಬಿ ಬಂದು ಭಜನೆ ಕೆಟ್ಟಿತು. ಇದು ನನ್ನ ಸ್ಪಷ್ಟ ಅಭಿಪ್ರಾಯ. ಪೇಟಿಯಲ್ಲಿ (ಹಾರ್ಮೋನಿಯಂ) ಎಡಗೈ ಗಾಳಿ ಹಾಕುತ್ತದೆ. ಹಾಡುವವನ ದನಿ ಏರಿದರೆ ಗಾಳಿ ಜಾಸ್ತಿ, ಇಳಿದರೆ ಕಡಿಮೆ. ಪೇಟಿ ಹಾಡುವವನ ಜೊತೆ ಉಸಿರಾಡುತ್ತದೆ. ನಿಮ್ಮ ಸಣ್ಣ ಕ್ಯಾಸಿಯೋದಲ್ಲಿ ಮೆಲ್ಲಗೆ ಒತ್ತಿದರೂ ಅದೇ ಸದ್ದು, ಗುದ್ದಿದರೂ ಅದೇ ಸದ್ದು. ಕೆಲಸ ಇಲ್ಲದ ಎಡಗೈಗೆ ಕಾರ್ಡ್, ಅಂದರೆ ಸ್ವರಗಳ ಗೊಂಚಲು, ಕೊಟ್ಟರು. ಒಂದೇ ಬೆರಳು ಒತ್ತಿದರೆ ಮೂರು ಸ್ವರ! ಸಾ ಒತ್ತಿದರೆ ಸಾ, ಶುದ್ಧ ಗಾಂಧಾರ, ಪಂಚಮ ಮೂರೂ ಕೂಗುತ್ತವೆ. ಮೇಲೆ ಹಾಡುವವನು ಭೈರವಿಯಲ್ಲಿ ಕೋಮಲ ಗಾಂಧಾರ ಹಚ್ಚುತ್ತಿದ್ದಾನೆ. ಎರಡು ಗಾಂಧಾರ ಒಂದೇ ಸಲ. ಕೇಳುವವನ ಗತಿ ಏನು?

ತಾಳದ ಕಥೆ ಇನ್ನೂ ಕೆಟ್ಟದ್ದು. ಅದರಲ್ಲಿ ಇರುವುದು ನಾಲ್ಕರ ಲೆಕ್ಕ, ಮೂರರ ಲೆಕ್ಕ. ರೂಪಕದ 7 ಮಾತ್ರೆ ಎಲ್ಲಿಂದ ತರುತ್ತೀರಿ? ಝಪತಾಲದ 10? ನಮ್ಮ ಮಂಡಳಿಯಲ್ಲಿ ಏಳರ ಲೆಕ್ಕದ ತತ್ವಪದಗಳನ್ನು ಹುಡುಗರು ಬಿಟ್ಟೇ ಬಿಟ್ಟರು. ಡಬ್ಬಿಯಲ್ಲಿ ಬೀಟ್ ಇಲ್ಲವಂತೆ! ಕಡಕೋಳ ಮಡಿವಾಳಪ್ಪನವರ ಪದ ಹಾಡಲು ಏಕತಾರಿ, ದಮ್ಮಡಿ, ತಾಳ ಸಾಕಾಗಿದ್ದ ಊರುಗಳು ಇವು.

ಕಪ್ಪುನಾಲ್ಕು, ಕಲಬುರಗಿ

ಮಾಸ್ತರ್ರೇ, ಕಾರ್ಡ್ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಅದರಲ್ಲಿ ಮೈನರ್ ಕಾರ್ಡೂ ಇತ್ತು. ಕ್ಯಾಸಿಯೋದಲ್ಲಿ ಮೂಲ ಕೀ ಜೊತೆ ಬಲಕ್ಕೆ ಇನ್ನೊಂದು ಕೀ ಒತ್ತಿದರೆ ಮೈನರ್. ಭೈರವಿಗೆ ಆ ಕೋಮಲ ಗಾಂಧಾರ ಸಿಗುತ್ತಿತ್ತು. ಬಹಳ ಜನಕ್ಕೆ ಯಾರೂ ಹೇಳಿಕೊಡಲಿಲ್ಲ, ಅಷ್ಟೇ. ಡಬ್ಬಿಯ ಜೊತೆ ಬಂದ ಪುಸ್ತಕ ಜಪಾನಿ, ಇಂಗ್ಲಿಷಿನಲ್ಲಿತ್ತು. ನಮ್ಮವರು ಬಟನ್ ಒತ್ತಿ ಒತ್ತಿಯೇ ಕಲಿತರು.

ಇನ್ನು ಪೇಟಿ ಶುದ್ಧ, ಕ್ಯಾಸಿಯೋ ಅಶುದ್ಧ ಅನ್ನುವುದಾದರೆ ನಾನು ಒಪ್ಪುವುದಿಲ್ಲ. ಈ ಮಾತನ್ನು ಪೇಟಿಗೂ ಅಂದಿದ್ದಾರೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗೆ ಹಾಕಿತ್ತು. 1971ರವರೆಗೆ ಬಾಗಿಲು ಮುಚ್ಚಿತ್ತು. ಅದು ಫ್ರಾನ್ಸಿನಿಂದ ಬಂದ ವಾದ್ಯ, ಗಮಕ ಬರುವುದಿಲ್ಲ, ಸ್ವರಗಳು ನಮ್ಮ ಶ್ರುತಿಗೆ ಕೂಡುವುದಿಲ್ಲ ಅಂತ. ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿದಾಗ ಬರುವ ಗಾಂಧಾರ ನಿಜವಾದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಒಂದು ಪಾಲಿನ ನೂರರಲ್ಲಿ 14) ಮೇಲೆ ನಿಲ್ಲುತ್ತದೆ. ಪಿಯಾನೋಕ್ಕೂ ಅದೇ, ಕ್ಯಾಸಿಯೋಕ್ಕೂ ಅದೇ, ಅಂಗಡಿಯಿಂದ ತಂದ ಮಾಮೂಲಿ ಪೇಟಿಗೂ ಅದೇ. ಕಂಪನಿ ನಾಟಕದಲ್ಲಿ ಪೇಟಿ ಮಾಸ್ತರ್ ಇಲ್ಲದೆ ಪರದೆ ಏಳುತ್ತಿರಲಿಲ್ಲ. ಅದೂ ಒಂದು ಕಾಲಕ್ಕೆ ಹೊರಗಿನದೇ.

ಪೇಟಿಮಾಸ್ತರ, ಜೇವರ್ಗಿ

ಪೇಟಿಯ ಸ್ವರವನ್ನು ಕೆರೆದು ಶ್ರುತಿಗೆ ಕೂಡಿಸಿಕೊಳ್ಳಬಹುದು ತಮ್ಮಾ. ನಿನ್ನ ಚಿಪ್ ಅನ್ನು ಕೆರೆಯುತ್ತೀಯಾ?

ಭೀಮಾದಂಡೆ, ಯಾದಗಿರಿ

😂 ಮಾಸ್ತರ್ ಗೆದ್ದರು.

ಗುಂಪುಗಾನ, ಬೀದರ್

ನಾನು ಬೇರೆ ಕಡೆಯಿಂದ ಬರುತ್ತೇನೆ. ನಮ್ಮದು ಮೆಥೋಡಿಸ್ಟ್ ಚರ್ಚಿನ ಕುಟುಂಬ. ನಮಗೆ ಕಾರ್ಡ್ ಶತ್ರು ಅಲ್ಲ, ಕೀರ್ತನೆಗಳೇ ನಾಲ್ಕು ಸ್ವರದಲ್ಲಿ ಕೂಡಿಸಿದಂಥವು. ಹಳೆಯ ಕಾಲು ಪೇಟಿಯ ಗಾಳಿಚೀಲ ಹರಿದಾಗ ಯಾರೋ ಯಮಹಾ ಪೋರ್ಟಾಸೌಂಡ್ ಕೊಟ್ಟರು. ಪಿಎಸ್‌ಎಸ್ ಸರಣಿಯದು. ದೊಡ್ಡವರ ಬೆರಳು ಆ ಸಣ್ಣ ಕೀಗಳ ನಡುವೆ ಹಿಡಿಸುತ್ತಿರಲಿಲ್ಲ. ಹೀಗಾಗಿ ಭಾನುವಾರ ನುಡಿಸುವ ಕೆಲಸ ಹನ್ನೆರಡು ಹದಿಮೂರರ ಹುಡುಗಿಯರಿಗೆ ಬಂತು. ನಾನೂ ಒಬ್ಬಳು.

ಇಲ್ಲಿ ಯಾರೂ ಹೇಳದ ಒಂದು ಮಾತಿದೆ. ಅದಕ್ಕೆ ಹೆಡ್‌ಫೋನ್ ತೂತು ಇತ್ತು. ಪೇಟಿ ಕಲಿಯಬೇಕಾದರೆ ಹುಡುಗಿ ಮಾಸ್ತರರ ಮನೆಗೆ ಹೋಗಬೇಕು. ಮನೆಯಲ್ಲಿ ಅಭ್ಯಾಸ ಮಾಡಿದರೆ ಓಣಿಗೆಲ್ಲ ಕೇಳುತ್ತದೆ. ತಪ್ಪು ನುಡಿಸಿದರೆ ಪಕ್ಕದ ಮನೆಯವರೂ ನಗುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಊಟ ಆದ ಮೇಲೆ ನುಡಿಸಿದರೆ ಯಾರ ಕಾಟವೂ ಇಲ್ಲ. ಟೇಪಿನಲ್ಲಿ ಕೇಳಿದ ಹಾಡನ್ನು ಒಂದೊಂದೇ ಸ್ವರ ಹುಡುಕಿ ಹುಡುಕಿ ಕೂಡಿಸುವುದು. ನನ್ನ ಗೆಳತಿಯರಲ್ಲಿ ಸಂಗೀತ ಉಳಿಸಿಕೊಂಡವರೆಲ್ಲ ಹೀಗೇ ಕಲಿತವರು. ಮಾಸ್ತರ್ರೇ, ನೀವು ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಕ್ಲಾಸಿಗೆ ನಮ್ಮನ್ನು ಮನೆಯಲ್ಲಿ ಕಳಿಸುತ್ತಿರಲಿಲ್ಲ.

ಪೇಟಿಮಾಸ್ತರ, ಜೇವರ್ಗಿ

ಇದಕ್ಕೆ ನಾನು ಏನೂ ಅನ್ನುವುದಿಲ್ಲ ಅಕ್ಕಾವ್ರೆ. ಇದು ಇದ್ದ ಮಾತೇ.

ಸೋಲ್ಡರ್‌ಸಿದ್ದ, ಕಲಬುರಗಿ

ಅಂಗಡಿ ಮುಚ್ಚಿದೆ, ಈಗ ಬರೆಯುತ್ತೇನೆ. ಉದ್ದ ಆಗುತ್ತದೆ, ಬೇಕಾದವರು ಓದಿ.

ಮೊದಲು ಅಡಾಪ್ಟರ್. ನನ್ನ ಟೇಬಲ್ಲಿಗೆ ಬರುವ ಹಳೆ ಕೀಬೋರ್ಡ್‌ಗಳಲ್ಲಿ ಜಾಸ್ತಿ ಸತ್ತಿರುವುದು ಇದರಿಂದಲೇ. ಹಳೆ ಕ್ಯಾಸಿಯೋಗಳಲ್ಲಿ ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಎಸ್‌ಕೆ-1 ಥರದ ಸಣ್ಣವಕ್ಕೆ 7.5 ವೋಲ್ಟ್, ಅಡಾಪ್ಟರ್ ಮೇಲೆ ಎಡಿ-1 ಅಂತ ಇರುತ್ತದೆ. ಸ್ವಲ್ಪ ದೊಡ್ಡ ಸಿಟಿಕೆ (CTK) ಸರಣಿಯ ಥರದವಕ್ಕೆ 9 ವೋಲ್ಟ್, ಎಡಿ-5. ಯಮಹಾ ಪಿಎಸ್‌ಆರ್ ನೋಡಿದರೆ ಉಲ್ಟಾ, 12 ವೋಲ್ಟ್, ನಡುವೆ ಪ್ಲಸ್. ಇವತ್ತು ಮನೆಯಲ್ಲಿ ಬಿದ್ದಿರುವ ವೈಫೈ ಡಬ್ಬಿ, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್‌ಗಳೂ ಸಾಮಾನ್ಯವಾಗಿ 12 ವೋಲ್ಟ್, ನಡುವೆ ಪ್ಲಸ್. ಪಿನ್ ಕೂಡುತ್ತದೆ ಅಂತ ಅದನ್ನು ಕ್ಯಾಸಿಯೋಗೆ ಚುಚ್ಚಿದರೆ ವೋಲ್ಟೂ ಜಾಸ್ತಿ, ದಿಕ್ಕೂ ತಪ್ಪು. ಕೀಬೋರ್ಡಿನ ಹಿಂದೆ ತೂತಿನ ಪಕ್ಕ ಒಂದು ಸಣ್ಣ ಚಿತ್ರ ಇರುತ್ತದೆ, ಚುಕ್ಕಿ ಮತ್ತು ಅರ್ಧ ವೃತ್ತ. ಚುಕ್ಕಿಗೆ ಯಾವ ಚಿಹ್ನೆ ಕೂಡಿದೆ ನೋಡಿ. ಅಡಾಪ್ಟರ್ ಮೇಲೂ ಅದೇ ಚಿತ್ರ ಇರಬೇಕು. ಇಲ್ಲದಿದ್ದರೆ ಬೇಡ. ಅನುಮಾನ ಇದ್ದರೆ ಸೆಲ್ ಹಾಕಿ, ಅದು ಯಾವತ್ತೂ ಸುರಕ್ಷಿತ.

ಭೀಮಾದಂಡೆ ಅವರೇ, ನಿಮ್ಮ ಸೆಲ್ ಪುಡಿ. ಸ್ಪ್ರಿಂಗಿನ ಮೇಲೆ ಬಿಳಿ ಇದ್ದರೆ ಆಲ್ಕಲೈನ್ ಸೋರಿದೆ. ಕಿವಿ ಕಡ್ಡಿಗೆ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿ. ಬುರುಗು ಬರುತ್ತದೆ, ಹೆದರಬೇಡಿ. ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿ. ಹಸಿರು ಅಂಟು ಸ್ಪ್ರಿಂಗಿನಿಂದ ವೈರಿನ ಒಳಗೆ ಹತ್ತಿದ್ದರೆ ಆ ವೈರನ್ನೇ ಬದಲಿಸಬೇಕು.

ಎರಡನೆಯ ಸಾಮಾನ್ಯ ದೂರು: ಕೆಲವು ಕೀ ಬಾಯಿ ಬಿಡುವುದಿಲ್ಲ. ಕೀ ಕೆಳಗೆ ರಬ್ಬರಿನ ಗುಬ್ಬಿ ಇರುತ್ತದೆ, ಅದರ ತುದಿಗೆ ಕಪ್ಪು ಕಾರ್ಬನ್. ಒತ್ತಿದಾಗ ಅದು ಬೋರ್ಡಿನ ಮೇಲೆ ಕೂತು ಎರಡು ಗೆರೆಯನ್ನು ಕೂಡಿಸುತ್ತದೆ. ನಡುವೆ ಧೂಳು ಕೂತರೆ ಸದ್ದಿಲ್ಲ. ನಮ್ಮ ಕಡೆ ಧೂಳಿಗೆ ಬರವೇ? ದಾಲ್‌ಮಿಲ್ ಪಕ್ಕದ ಮನೆಯಿಂದ ಬಂದ ಒಂದು ಕೀಬೋರ್ಡ್ ಬಿಚ್ಚಿದರೆ ಒಳಗೆ ತೊಗರಿ ಹೊಟ್ಟು ಪದರ ಪದರವಾಗಿ ಕೂತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಬಟ್ಟೆಗೆ ಹಾಕಿ ಬೋರ್ಡ್ ಒರೆಸಿ. ರಬ್ಬರನ್ನು ಮೆಲ್ಲಗೆ ಒರೆಸಿ, ಉಜ್ಜಬೇಡಿ. ಉಜ್ಜಿದರೆ ಕಾರ್ಬನ್ನೇ ಎದ್ದು ಬರುತ್ತದೆ. ಪೆಟ್ರೋಲ್, ಥಿನ್ನರ್ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಪ್ಲಾಸ್ಟಿಕ್ ಕರಗುತ್ತದೆ.

ಸದ್ದು ಸಣ್ಣಗಾಗಿದ್ದರೆ, ಗೊರಗೊರ ಅಂದರೆ ಕೆಪಾಸಿಟರ್ ಒಣಗಿರಬಹುದು. ಅದು ಅಗ್ಗದ ಮಾಲು, ಬದಲಿಸುವುದೂ ಸುಲಭ. ಜಿರಳೆ ಬಗ್ಗೆ ಹೇಳಬೇಕಿಲ್ಲ. ಒಳಗೆ ಬೆಚ್ಚಗಿರುತ್ತದೆ, ಸಂಸಾರ ಹೂಡುತ್ತವೆ. ಇಲಿ ಹೊಕ್ಕರೆ ಮಾತ್ರ ರಿಬ್ಬನ್ ವೈರ್ ಹೋಯಿತು ಅಂತಲೇ ತಿಳಿಯಿರಿ.

ಮೇಲಿನ ಬಿಳಿ ಪ್ಲಾಸ್ಟಿಕ್ ಹಳದಿ ಆಗಿದೆ ಅಂತ ಕೇಳುತ್ತಾರೆ. ಅದು ಬಿಸಿಲಿನ ಕೆಲಸ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ತಿಳಿ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಒಂದು ಕಡೆ ಬೆಳ್ಳಗೆ, ಒಂದು ಕಡೆ ಕಲೆ ಆಗುತ್ತದೆ. ಹಳದಿ ಇದ್ದರೆ ಇರಲಿ ಬಿಡಿ.

ಚಿಪ್ ಸುಟ್ಟಿದ್ದರೆ ಮಾತ್ರ ಕಷ್ಟ. ಕ್ಯಾಸಿಯೋ, ಯಮಹಾ ಇಬ್ಬರೂ ತಮ್ಮದೇ ಚಿಪ್ ಮಾಡಿ ಹಾಕಿದ್ದಾರೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದಿಲ್ಲ. ಅದೇ ಮಾಡೆಲಿನ ಇನ್ನೊಂದು ಸತ್ತ ಕೀಬೋರ್ಡ್ ಹುಡುಕಿ ತೆಗೆಯಬೇಕು.

ಭೀಮಾದಂಡೆ, ಯಾದಗಿರಿ

ನಮ್ಮ ಅಡಾಪ್ಟರ್ ನೋಡಿದೆ. ಸೆಟ್‌ಟಾಪ್ ಬಾಕ್ಸಿನದು, 12 ವೋಲ್ಟ್. ಬದುಕಿದೆ ಸಿದ್ದಣ್ಣ.

ಸ್ಲೋರಾಕ್, ಶಹಾಪುರ

ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವನು. ಮಾಸ್ತರ್ ತಾಳದ ಮಾತು ತೆಗೆದಿದ್ದಕ್ಕೆ ಹೇಳುತ್ತೇನೆ. ಆ ಪೆಟ್ಟಿಗೆಗಳಲ್ಲಿ ಕೆಹರ್ವಾ ಇಲ್ಲ, ದಾದ್ರಾ ಇಲ್ಲ. ಇರುವುದು ರಾಕ್, ಸ್ವಿಂಗ್, ವಾಲ್ಟ್ಜ್, ರುಂಬಾ, ಸಾಂಬಾ, ಬೋಸಾ ನೋವಾ. ಇವುಗಳನ್ನೇ ನಮ್ಮ ಕೆಲಸಕ್ಕೆ ಬಗ್ಗಿಸಿಕೊಂಡೆವು. ದಾದ್ರಾದ ಹಾಡಿಗೆ ಸ್ಲೋ ರಾಕ್. ಅದರಲ್ಲಿ ಒಂದೊಂದು ಬೀಟಿಗೆ ಮೂರು ತುಂಡು, ಎರಡು ಬೀಟಿಗೆ ದಾದ್ರಾದ 6 ಮಾತ್ರೆ ಸರಿಯಾಗಿ ಕೂಡುತ್ತದೆ. ಕೆಹರ್ವಾಕ್ಕೆ ರುಂಬಾ ಹಾಕಿ ಸ್ಪೀಡ್ ಕಡಿಮೆ ಮಾಡುವುದು. ಮೇಲೆ ಒಬ್ಬ ಢೋಲಕಿ ಹಿಡಿದರೆ ರುಂಬಾದ ಗುರುತೇ ಸಿಗುವುದಿಲ್ಲ. ಜಾತ್ರೆಯಲ್ಲಿ ಮುದುಕರು ತಲೆ ಹಾಕುತ್ತಿದ್ದದ್ದು ಕ್ಯೂಬಾದ ತಾಳಕ್ಕೆ!

ಇದು ನಮ್ಮ ಕಡೆ ಮಾತ್ರ ನಡೆದದ್ದಲ್ಲ. ಕ್ಯಾಸಿಯೋ ಎಂಟಿ-40 ಅಂತ 1981ರದು ಒಂದು ಸಣ್ಣ ಕೀಬೋರ್ಡ್. ಅದರ ರಾಕ್ ತಾಳದ ಜೊತೆ ಬರುವ ಬೇಸ್ ಸಾಲನ್ನು ಹಿರೊಕೊ ಒಕುದಾ ಅನ್ನುವವರು ಮಾಡಿದ್ದು. ಆಗಷ್ಟೇ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದ ಹುಡುಗಿ. 1985ರಲ್ಲಿ ಜಮೈಕಾದ ಹುಡುಗರು ಅದೇ ಬಟನ್ ಒತ್ತಿ, ಸ್ಪೀಡ್ ಇಳಿಸಿ, ಅದರ ಮೇಲೆ ಹಾಡು ಕಟ್ಟಿದರು. ಅಲ್ಲಿನ ಸಂಗೀತದ ದಾರಿಯೇ ಬದಲಾಯಿತು. ಆಮೇಲೆ ಅದೇ ಬೇಸ್ ಮೇಲೆ ನೂರಾರು ಹಾಡು ಬಂದವು. ಅವರು ಮಾಡಿದ್ದೂ ನಾವು ಮಾಡಿದ್ದೂ ಒಂದೇ ಕೆಲಸ ಅಲ್ವಾ? ಬೇರೆಯವರು ಬರೆದಿಟ್ಟ ತಾಳವನ್ನು ನಿಧಾನ ಮಾಡಿ ತಮ್ಮದು ಮಾಡಿಕೊಂಡರು. ಅವರ ಹಾಡು ಜಗತ್ತಿಗೆ ಹೋಯಿತು. ನಮ್ಮದು ಗೋಗಿ, ಸಗರ ದಾಟಲಿಲ್ಲ.

ವೇದಿಕೆಯ ಕಷ್ಟ ಬೇರೆ. ಎಸ್‌ಕೆ-1ರಲ್ಲಿ ಒಂದೇ ಸಲಕ್ಕೆ ನಾಲ್ಕು ಸ್ವರ ಮಾತ್ರ. ಎಡಗೈಯಲ್ಲಿ ಮೂರು, ಬಲಗೈಯಲ್ಲಿ ಎರಡು ಹಿಡಿದರೆ ಒಂದು ಸ್ವರ ಸುಮ್ಮನೆ ಮಾಯ. ಸ್ವರ ಜಾರಿಸುವ ಪಿಚ್ ಬೆಂಡ್ ಚಕ್ರ ಇಲ್ಲ. ಹಿಂದಿ ಹಾಡಿನ ಶಹನಾಯಿ ತುಣುಕು ಬಂದರೆ ಪಕ್ಕದ ಎರಡು ಕೀ ಮೇಲೆ ಬೆರಳು ಜಾರಿಸಿ ಮೀಂಡ್ ಬಂತು ಅಂತ ನಂಬಿಸುವುದು. ಸಣ್ಣ ಪೆಟ್ಟಿಗೆಗಳಲ್ಲಿ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಇರಲಿಲ್ಲ. ಹಾಡುವವರು ಕಪ್ಪು ಎರಡು (ಎರಡನೆಯ ಕಪ್ಪು ಕೀಯೇ ಸಾ) ಅಂದರೆ ಕಪ್ಪು ಎರಡರಿಂದಲೇ ನುಡಿಸಬೇಕು. ಪೇಟಿ ಕಲಿತು ಬಂದವರು ಗೆಲ್ಲುತ್ತಿದ್ದದ್ದು ಅಲ್ಲಿಯೇ. ಮಾಸ್ತರ್ರೇ, ಇದು ನಿಮ್ಮ ಕಡೆಗೆ ಒಂದು ಅಂಕ.

ಕರೆಂಟ್ ಹೋದಾಗ ಮಾತ್ರ ನಾವು ರಾಜರು. ಮೈಕ್ ಬಂದ್, ಗಿಟಾರ್ ಬಂದ್, ನಮ್ಮದು ಸೆಲ್ ಮೇಲೆ ಓಡುತ್ತಿತ್ತು. ಜನ ಎದ್ದು ಹೋಗದ ಹಾಗೆ ಕತ್ತಲಲ್ಲಿ ನುಡಿಸುತ್ತಾ ಕೂರುವುದು. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಎಷ್ಟು ಕಾರ್ಯಕ್ರಮ ಹಾಗೆ ಉಳಿದಿವೆಯೋ.

ಎಂಸಿಎ ಹುಡುಗ, ಬೀದರ್

ಹಿರಿಯರೆಲ್ಲರಿಗೂ ಗೌರವದಿಂದಲೇ ಕೇಳುತ್ತೇನೆ. ಈ ಎಲ್ಲ ಸದ್ದುಗಳನ್ನು ರೆಕಾರ್ಡ್ ಮಾಡಿ ನೆಟ್‌ನಲ್ಲಿ ಹಾಕಿದ್ದಾರೆ. ಫೋನಿನಲ್ಲೇ ಎಂಟಿ-40 ನುಡಿಸಬಹುದು. ನಾನು ಎಸ್‌ಕೆ-1ರ ಸ್ಯಾಂಪಲ್ ಇಳಿಸಿಕೊಂಡಿದ್ದೇನೆ, ಚೆನ್ನಾಗಿದೆ. ಹಾಗಿರುವಾಗ ಜಿರಳೆ ಹೊಕ್ಕ ಪೆಟ್ಟಿಗೆಗೆ ದುಡ್ಡು ಯಾಕೆ ಸುರಿಯಬೇಕು?

ಸ್ಲೋರಾಕ್, ಶಹಾಪುರ

ಫೋನಿನ ಗಾಜಿನ ಮೇಲೆ ಬೆರಳಿಗೆ ಕೀ ಸಿಗುವುದಿಲ್ಲ ತಮ್ಮಾ. ನೋಡದೆ ನುಡಿಸಲು ಆಗುವುದಿಲ್ಲ. ಮೇಲಾಗಿ ಕೆಲವು ಫೋನಿನಲ್ಲಿ ಒತ್ತಿದ ಮೇಲೆ ಸದ್ದು ಬರಲು ಒಂದು ಕ್ಷಣ ತಡ. ತಾಳದ ಜೊತೆ ಕೂತರೆ ಗೊತ್ತಾಗುತ್ತದೆ. ನಡುವೆ ಭಾವನ ಫೋನ್ ಬಂದರೆ ಭಜನೆ ಅಲ್ಲಿಗೆ ನಿಂತಿತು.

ಕಪ್ಪುನಾಲ್ಕು, ಕಲಬುರಗಿ

ಎಸ್‌ಕೆ-1 ವಿಷಯದಲ್ಲಿ ಇನ್ನೊಂದು ಮಾತು. ಅದರ ಮಜಾ ಇರುವುದು ಅದರೊಳಗಿನ ಟೋನ್‌ಗಳಲ್ಲಿ ಅಲ್ಲ. ಅದಕ್ಕೊಂದು ಸಣ್ಣ ಮೈಕ್ ಇದೆ. 1.4 ಸೆಕೆಂಡ್ ನೀವು ಏನು ಕೂಗಿದರೂ ಹಿಡಿದುಕೊಳ್ಳುತ್ತದೆ. ಆಮೇಲೆ ಅದೇ ಕೂಗನ್ನು ಸರಿಗಮದಲ್ಲಿ ನುಡಿಸಬಹುದು. ಕೋಳಿ ಕೂಗಿಸಿ, ಸೈಕಲ್ ಗಂಟೆ ಹೊಡೆದು, ತಮ್ಮನನ್ನು ಅಳಿಸಿ ಹಾಡು ಮಾಡಬಹುದು. ದೊಡ್ಡ ಸ್ಟುಡಿಯೋಗಳಿಗೆ ಮಾತ್ರ ಸಿಗುತ್ತಿದ್ದ ಆ ಕೆಲಸವನ್ನು 80ರ ದಶಕದ ನಡುವೆ ಮಕ್ಕಳ ಕೈಗೆ ಕೊಟ್ಟರು. ಬೇರೆಯವರು ಹಿಡಿದಿಟ್ಟ ಸ್ಯಾಂಪಲ್ ಇಳಿಸಿಕೊಂಡರೆ ಅದರ ಅರ್ಧ ಸಂತೋಷ ಹೋಯಿತು. ನಿಮ್ಮ ಅಜ್ಜಿಯ ಸೀನು ಅದರಲ್ಲಿ ಇರುವುದಿಲ್ಲವಲ್ಲ.

ಆದರೆ ದುಡ್ಡಿನ ಮಾತಿಗೆ ನಾನು ನಿನ್ನ ಕಡೆ. ಈಗ ಆನ್‌ಲೈನ್‌ನಲ್ಲಿ ವಿಂಟೇಜ್ ಅಂತ ಬರೆದು ಏನೇನೋ ಬೆಲೆ ಹೇಳುತ್ತಾರೆ. ಎಸ್‌ಕೆ-1, ಎಂಟಿ-40, ವಿಎಲ್-1, ಸಿಝಡ್-101 ಇವನ್ನು ಹುಡುಕುವವರು ಜಗತ್ತಿನಲ್ಲೆಲ್ಲ ಇದ್ದಾರೆ. ಯಮಹಾ ಪಿಎಸ್‌ಎಸ್-480 ಕೂಡ ಒಳ್ಳೆಯ ಮಾಲು. ಸಣ್ಣ ಕೀ ಇದ್ದರೂ ಒಳಗೆ ಎಫ್‌ಎಂ ಚಿಪ್ (ರೇಡಿಯೋ ಅಲ್ಲ, ಒಂದು ತರಂಗದಿಂದ ಇನ್ನೊಂದನ್ನು ಬದಲಿಸಿ ಸದ್ದು ಹುಟ್ಟಿಸುವ ವಿಧಾನ), ಟೋನ್ ನಾವೇ ತಿದ್ದಬಹುದು, ಬೇರೆ ವಾದ್ಯಕ್ಕೆ, ಕಂಪ್ಯೂಟರಿಗೆ ಕೂಡಿಸುವ ಮಿಡಿ ತೂತೂ ಇದೆ. ಯಮಹಾದ ಪ್ರಸಿದ್ಧ ಡಿಎಕ್ಸ್-7 ನಡೆಯುತ್ತಿದ್ದದ್ದು ಇದೇ ವಿಧಾನದ ಮೇಲೆ. ಇವು ಬಿಟ್ಟು ಉಳಿದ ಮಾಮೂಲಿ ಪೆಟ್ಟಿಗೆಗೆ ವಿಂಟೇಜ್ ಬೆಲೆ ಕೊಡಬೇಡಿ. ನಿಮ್ಮ ಮನೆಯದೇ ಆದರೆ ರಿಪೇರಿ ಮಾಡಿಸಿ. ಊರಿನ ಹೊರಗಿನದು ಆದರೆ ನುಡಿಸಿ ನೋಡದೆ ತೆಗೆದುಕೊಳ್ಳಬೇಡಿ, ಫೋಟೋದಲ್ಲಿ ಎಲ್ಲ ಕೀಗಳೂ ಚೆನ್ನಾಗೇ ಕಾಣುತ್ತವೆ.

ದಮ್ಮಾಮ್ ಚಾಚಾ, ಕಲಬುರಗಿ

ನಾನು ತಂದದ್ದು ಎಂಟಿ ಸರಣಿಯದೇ. ಮೊಮ್ಮಗ ಕೀ ಎಲ್ಲ ಕಿತ್ತು ಡಾಮಿನೋ ಆಡಿದ್ದಾನೆ. ಎಷ್ಟಕ್ಕೆ ಹೋಗಬಹುದು?

ಸೋಲ್ಡರ್‌ಸಿದ್ದ, ಕಲಬುರಗಿ

ಚಾಚಾ, ಬೋರ್ಡ್ ಕೊಡಿ, ಚಿಪ್ ಉಪಯೋಗಕ್ಕೆ ಬರುತ್ತದೆ. ಚಹಾ ಕುಡಿಸುತ್ತೇನೆ.

ಗುಂಪುಗಾನ, ಬೀದರ್

ಹೊಸದು ಕೊಳ್ಳುವವರಿಗೆ ಏನು ಹೇಳುತ್ತೀರಿ? ತಂಗಿಯ ಮಗಳಿಗೆ ಕೊಡಿಸಬೇಕು. ಕ್ಯಾಸಿಯೋದವರು ಮಾಡೆಲ್ ಕೊನೆಗೆ ಐಎನ್ ಅಂತ ಹಾಕಿ ತಬಲಾ, ಸಿತಾರ್, ತಂಬೂರಿ ಎಲ್ಲ ತುಂಬಿಸಿ ಕೊಡುತ್ತಾರೆ. ಯಮಹಾದಲ್ಲಿ ಪಿಎಸ್‌ಆರ್-ಐ455, ಐ500 ಅಂತ ಬಂದಿವೆ.

ಪೇಟಿಮಾಸ್ತರ, ಜೇವರ್ಗಿ

ಅಕ್ಕಾವ್ರೆ, ಕೊಡಿಸುವುದಾದರೆ ಅಂಥದ್ದನ್ನೇ ಕೊಡಿಸಿ. ನಾನು ಎಲ್ಲ ಕರೆಂಟ್ ವಾದ್ಯದ ವೈರಿ ಅಲ್ಲ. ಬೆಂಗಳೂರಿನ ರಾಡೆಲ್‌ನವರ ಎಲೆಕ್ಟ್ರಾನಿಕ್ ತಂಬೂರಿ ನನ್ನ ಮನೆಯಲ್ಲೂ ಇದೆ, ದಿನಾ ಹಚ್ಚುತ್ತೇನೆ. ನಮ್ಮ ಕೆಲಸ ಗೊತ್ತಿದ್ದವರು ನಮ್ಮ ಕೆಲಸಕ್ಕೆ ಅಂತಲೇ ಮಾಡಿದ ಯಂತ್ರ ಅದು. ಒಂದು ಮಾತು ಮಾತ್ರ ನೆನಪಿಡಿ. ಕೀಗಳು ದೊಡ್ಡ ಅಳತೆಯವು ಇರಲಿ, ಮೆಲ್ಲಗೆ ಒತ್ತಿದರೆ ಮೆಲ್ಲಗೆ ಬರುವಂಥದ್ದು ಇರಲಿ. ಅಂಗಡಿಯವರು ಟೋನ್ ಐನೂರು, ಆರುನೂರು ಅಂತ ಲೆಕ್ಕ ಹೇಳುತ್ತಾರೆ, ಅದಕ್ಕೆ ಮರುಳಾಗಬೇಡಿ. ಮೊದಲ ವರ್ಷ ರಿದಮ್ ಬಟನ್ ಮೇಲೆ ಪಟ್ಟಿ ಅಂಟಿಸಿ ಮುಚ್ಚಿಬಿಡಿ. ಮಗು ಕೈಯಿಂದ ತಾಳ ಹಾಕಲು ಕಲಿಯಲಿ.

ಕಪ್ಪುನಾಲ್ಕು, ಕಲಬುರಗಿ

ಕೊನೆಯ ಸಲಹೆ ಬಿಟ್ಟು ಉಳಿದದ್ದಕ್ಕೆ ನನ್ನ ಒಪ್ಪಿಗೆ. ಮಗುವಿಗೆ ಬಟನ್ ಮುಚ್ಚಬೇಡಿ ಅಕ್ಕಾ. ನಾವೆಲ್ಲ ಸಂಗೀತಕ್ಕೆ ಬಂದದ್ದೇ ಬಟನ್ ಒತ್ತುವ ಆಸೆಗೆ. ಮೊದಲು ಡೆಮೋ, ಆಮೇಲೆ ರಿದಮ್, ಆಮೇಲೆ ಕೀ. ಮಾಸ್ತರ್ ಬೇಕಾದರೆ ಇದರ ಮೇಲೆ ಇನ್ನೊಂದು ಸುತ್ತು ಜಗಳಕ್ಕೆ ಬರಲಿ.

ಪೇಟಿಮಾಸ್ತರ, ಜೇವರ್ಗಿ

ಬರುತ್ತೇನೆ. ಈಗ ಕ್ಲಾಸಿದೆ, ರಾತ್ರಿ ಬರುತ್ತೇನೆ.

ಭೀಮಾದಂಡೆ, ಯಾದಗಿರಿ

ಸಿದ್ದಣ್ಣ, ನಿಂಬೆಹಣ್ಣು ಹಚ್ಚಿ ಒರೆಸಿದೆ, ಹೊಸ ಸೆಲ್ ಹಾಕಿದೆ. ದೀಪ ಬಂತು! ಆದರೆ ನಡುವಿನ ಏಳೆಂಟು ಕೀ ಮೂಕ. ಅವುಗಳಲ್ಲಿ ಎರಡು ಕೀ ಮಾತ್ರ ಒತ್ತಿಹಿಡಿದರೆ ಕುಂಯ್ ಅನ್ನುತ್ತವೆ. ಡೆಮೋ ಬಟನ್ ಮಾತ್ರ ಭರ್ಜರಿ ನಡೆಯುತ್ತಿದೆ, ಮನೆಯಲ್ಲಿ ಬೈಸಿಕೊಳ್ಳುತ್ತಿದ್ದೇನೆ. ಇದು ಚಿಪ್ ಹೋಗಿರುವುದಾ?

ಸೋಲ್ಡರ್‌ಸಿದ್ದ, ಕಲಬುರಗಿ

ಡೆಮೋ ಪೂರ್ತಿ ಬರುತ್ತಿದ್ದರೆ ಚಿಪ್ ಗಟ್ಟಿ ಇದೆ, ಸ್ಪೀಕರೂ ಸರಿ ಇದೆ. ಒತ್ತಿಹಿಡಿದರೆ ಅನ್ನುತ್ತಿರುವ ಎರಡು ಕೀಗೆ ಕಾರ್ಬನ್ ಒರೆಸಿದರೆ ಸಾಕು. ಉಳಿದವು ಒಂದೇ ಸಾಲಿನಲ್ಲಿ ಸತ್ತಿದ್ದರೆ ರಿಬ್ಬನ್ ವೈರಿನ ಒಂದು ಎಳೆ ಬಿಟ್ಟಿರಬಹುದು, ಅದನ್ನು ಬೆಸೆಯಬೇಕು. ಹಿಂದಿನ ಸ್ಕ್ರೂಗಳಲ್ಲಿ ಉದ್ದ, ಗಿಡ್ಡ ಬೇರೆ ಬೇರೆ ಇರುತ್ತವೆ. ಬಿಚ್ಚುವುದಾದರೆ ಯಾವುದು ಎಲ್ಲಿಯದು ಅಂತ ಫೋಟೋ ತೆಗೆದುಕೊಂಡು ಬಿಚ್ಚಿ. ಧೈರ್ಯ ಇಲ್ಲದಿದ್ದರೆ ಕಲಬುರಗಿಗೆ ಬರುವಾಗ ತನ್ನಿ. ಸೆಲ್ ತೆಗೆದು ತನ್ನಿ.